ಕಲೀಪಾ ಎಜೆಯ ಇಂಗ್ಲಿಷ್

ಶಾಲೆಯಲ್ಲಿ ಇನ್ನು ಮುಂದೆ ಜರ್ಮನ್ ಭಾಷೆ ಇರುವುದಿಲ್ಲ ಎಂಬ ಸುದ್ದಿಯನ್ನು ಮುಖ್ಯೋಪಾಧ್ಯಾಯಿನಿ ಜಾನಿಲ್ ಚಹಾ ಕುಡಿಯುತ್ತಲೇ ಹೇಳಿದಳು. ಎದುರಿಗೆ ಕೂತ ಕಲೀಪಾಗೆ ಒಂದು ಬಟ್ಟಲು ಬಗ್ಗಿಸಿ ಕೊಡಲಿಲ್ಲ. ಮೂವತ್ತಮೂರು ವರ್ಷ ಅದೇ ಶಾಲೆಯಲ್ಲಿ ಜರ್ಮನ್ ಕಲಿಸಿದ ಕಲೀಪಾ ಅದನ್ನು ಗಮನಿಸಿದಳು.

"ಮೇಲಿಂದಲೇ ಬಂದಿದೆ ಎಜೆ. ಎಲ್ಲಾ ಕ್ಲಾಸಿಗೂ ಇನ್ನು ಇಂಗ್ಲಿಷೇ."

"ಹಾಗಾದ್ರೆ ನಾನೇನ್ ಮಾಡ್ಲಿ?"

"ನಿಮಗೆ ರಿಟೈರಾಗೋಕೆ ಇನ್ನೆರಡು ವರ್ಷ ಅಲ್ವಾ? ಇಂಗ್ಲಿಷ್ ಕಲೀರಿ. ಮೇ ತಿಂಗಳಲ್ಲಿ ಜಿಲ್ಲೆಯವರು ಬಂದು ನೋಡ್ತಾರೆ. ಅವರು ಸೈ ಅಂದ್ರೆ ಕ್ಲಾಸು ಕೊಡ್ತೀನಿ. ಅಲ್ಲೀವರೆಗೂ ಲೈಬ್ರರಿ ನೋಡ್ಕೊಂಡಿರಿ."

"ಈ ವಯಸ್ಸಲ್ಲಿ ಯಾರ ಹತ್ರ ಹೋಗಿ ಕಲೀಲಮ್ಮ?"

"ನಮ್ಮ ಐಜಿರೆಕ್ ಇದಾಳಲ್ಲ. ಆರನೇ ಬಿ ಕ್ಲಾಸಿಗೆ ಮೊದಲಿಂದ ಶುರು ಮಾಡ್ತಾಳೆ. ಅಲ್ಲೇ ಕೂತ್ಕೊಳ್ಳಿ."

"ಮಕ್ಕಳ ಜೊತೇಲಾ?"

"ಹಿಂದೆ ಒಂದು ಬೆಂಚಲ್ಲಿ ಜಾಗ ಖಾಲಿ ಇದೆ ಎಜೆ," ಎಂದು ಹೇಳಿ ಜಾನಿಲ್ ಬಟ್ಟಲನ್ನು ಬರಿದು ಮಾಡಿದಳು.

ಎಜೆ ಎಂದರೆ ಅಕ್ಕ. ಸಾರಿತಾಲ್ ಹಳ್ಳಿಯಲ್ಲಿ ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಟೀಚರಮ್ಮಂದಿರನ್ನು ಕರೆಯುತ್ತಿದ್ದುದು ಹಾಗೆಯೇ. ಆದರೆ ಕಲೀಪಾ ಎಜೆಯ ಹೆಸರನ್ನು ಜನ ದನಿ ತಗ್ಗಿಸಿ ಹೇಳುತ್ತಿದ್ದರು. ಹಜಾರದಲ್ಲಿ ಅವಳ ಹಿಮ್ಮಡಿಯ ಸದ್ದು ಕೇಳಿದರೆ ಸಾಕು, ಕ್ಲಾಸು ತಣ್ಣಗಾಗುತ್ತಿತ್ತು. ಕಿರ್ಗಿಜ್ ನಾಡಿನ ನಾರಿನ್ ಕಡೆಯ ಆ ಗುಡ್ಡಗಾಡಿನಲ್ಲಿ ಒಬ್ಬ ಜರ್ಮನ್ ಮನುಷ್ಯನನ್ನೂ ಕಾಣದ ಕುರುಬರ ಮಕ್ಕಳು ಉದ್ದುದ್ದ ಜರ್ಮನ್ ಪದ್ಯಗಳನ್ನು ಒಂದು ಅಕ್ಷರ ತಪ್ಪದೆ ಒಪ್ಪಿಸುತ್ತಿದ್ದರು. ಅದು ಅವಳ ಹೆಮ್ಮೆ. ಮುಖ್ಯೋಪಾಧ್ಯಾಯಿನಿ ಜಾನಿಲ್ ಅವಳ ಹಳೆಯ ವಿದ್ಯಾರ್ಥಿನಿ. ಇಪ್ಪತ್ತಮೂರು ವರ್ಷದ ಐಜಿರೆಕ್ ಕೂಡ ಅವಳ ಕೈಯಲ್ಲೇ ಕಲಿತವಳು.

ಮನೆಯಲ್ಲಿ ಗಂಡ ಅಸಾಂಬೆಕ್ ಸುದ್ದಿ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. "ನಾಳೆ ತಲೆಗೆ ಬಿಳಿ ರಿಬ್ಬನ್ ಕಟ್ಕೊಂಡು ಹೋಗು, ಮರೀಬೇಡ," ಎಂದ. ಕಲೀಪಾ ಅವನ ಮುಂದಿದ್ದ ಸಾರಿನ ಬಟ್ಟಲನ್ನು ಎತ್ತಿಕೊಂಡು ಹೋಗಿ ನಾಯಿಗೆ ಹಾಕಿದಳು.

ಮರುದಿನ ಅವಳು ಆರನೇ ಬಿ ಕ್ಲಾಸಿಗೆ ಹೋದಾಗ ಇಪ್ಪತ್ತಾರು ಮಕ್ಕಳೂ ಅಭ್ಯಾಸಬಲದಿಂದ ಥಟ್ಟನೆ ಎದ್ದು ನಿಂತರು. ಹಿಂದಿನ ವರ್ಷ ಇವರಿಗೆ ಜರ್ಮನ್ ಕಲಿಸಿದವಳು ಅವಳೇ. ಅವಳು ಕಪ್ಪುಹಲಗೆಯ ಹತ್ತಿರ ನಿಲ್ಲದೆ ಕೊನೆಯ ಬೆಂಚಿಗೆ ಹೋಗಿ ಕೂತಳು. ಬೆಂಚು ಗಿಡ್ಡ; ಮೊಣಕಾಲು ಮೇಜಿಗೆ ತಗುಲುತ್ತಿತ್ತು. ಮಕ್ಕಳು ಕೂರುವುದೋ ನಿಲ್ಲುವುದೋ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಐಜಿರೆಕ್ ಕೆಂಪಗಾಗಿ, "ಎಜೆ, ನೀವು ಬೇಕಾದ್ರೆ ಕುರ್ಚಿ ತಗೊಳ್ಳಿ," ಎಂದಳು.

"ನೀನು ಪಾಠ ಮಾಡಮ್ಮ," ಎಂದಳು ಕಲೀಪಾ.

ಹೆದರಿಕೆ ಒಂದು ವಾರ ಉಳಿಯಿತು. ಎರಡನೇ ವಾರ ಅಂಗಡಿಯ ಪಾಠ ಬಂತು. ಅಂಗಡಿಯಲ್ಲಿ ಬ್ರೆಡ್ ಕೇಳಬೇಕು. ಜರ್ಮನಿನಲ್ಲಿ ಬೆಕೊಮೆನ್ ಎಂದರೆ ಸಿಗುವುದು, ಪಡೆಯುವುದು. ಇಂಗ್ಲಿಷಿನಲ್ಲೂ ಅಂಥದೇ ಒಂದು ಪದ ಪುಸ್ತಕದ ಕೊನೆಯ ಪಟ್ಟಿಯಲ್ಲಿ ಅವಳ ಕಣ್ಣಿಗೆ ಬಿದ್ದಿತ್ತು. ಅದರ ಅರ್ಥ ನೋಡುವ ಅಗತ್ಯ ಅವಳಿಗೆ ಕಾಣಲಿಲ್ಲ. ತನ್ನ ಸರದಿ ಬಂದಾಗ ಎದ್ದು ನಿಂತು, ಎದೆ ಸೆಟೆಸಿ, ಇಡೀ ಕ್ಲಾಸಿಗೆ ಕೇಳುವಂತೆ, "ಐ ಬಿಕಮ್ ಬ್ರೆಡ್," ಎಂದಳು.

ಐಜಿರೆಕ್ ತುಟಿ ಕಚ್ಚಿಕೊಂಡಳು. "ಎಜೆ, ಹಾಗಂದ್ರೆ... ನಾನು ಬ್ರೆಡ್ ಆಗ್ತೀನಿ ಅಂತ ಆಗುತ್ತೆ."

ಆಮೇಲೆ ಮುಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಒಂದೇ ಕ್ಷಣದಲ್ಲಿ ಇಡೀ ಕ್ಲಾಸು ಮೇಜು ಬಡಿದುಕೊಂಡು ನಗತೊಡಗಿತು. ಐದನೇ ತರಗತಿಯಲ್ಲಿ ಇಡೀ ವರ್ಷ ಅದುಮಿಟ್ಟುಕೊಂಡ ನಗುವೆಲ್ಲ ಅವತ್ತು ಹೊರಗೆ ಬಂದಿತ್ತು. ಸಂಜೆಯ ಹೊತ್ತಿಗೆ ಇಡೀ ಶಾಲೆಗೆ ಹೊಸ ಹೆಸರು ಗೊತ್ತಾಗಿತ್ತು: ನಾನ್ ಎಜೆ. ಅವರ ಕಡೆ ರೊಟ್ಟಿಗೆ ನಾನ್ ಎನ್ನುತ್ತಾರೆ. ಹಜಾರದಲ್ಲಿ ಅವಳು ಹೋಗುತ್ತಿದ್ದರೆ ಹಿಂದಿನಿಂದ, "ನಾನ್ ಎಜೆ, ಬಿಸಿ ಇದೀರಾ ತಣ್ಣಗಿದೀರಾ?" ಎಂಬ ದನಿ. ತಿರುಗಿ ನೋಡಿದರೆ ಎಲ್ಲರೂ ಕಿಟಕಿಯಾಚೆಗಿನ ಹಿಮ ನೋಡುತ್ತಿರುತ್ತಿದ್ದರು. ಉಪಾಧ್ಯಾಯರ ಕೋಣೆಯಲ್ಲೂ ಅವಳು ಒಳಗೆ ಬಂದರೆ ಮಾತು ನಿಲ್ಲುತ್ತಿತ್ತು. ಗಣಿತದ ಮೇಷ್ಟ್ರು ಮೀಸೆ ಒರೆಸಿಕೊಳ್ಳುವ ನೆವದಲ್ಲಿ ನಗು ಒರೆಸಿಕೊಳ್ಳುತ್ತಿದ್ದರು.

ಜಾನಿಲ್ ಆಗಾಗ ಕ್ಲಾಸಿನ ಬಾಗಿಲು ತೆರೆದು ಇಣುಕುತ್ತಿದ್ದಳು. ಐಜಿರೆಕ್ ಕಡೆಗಾಗಲಿ ಮಕ್ಕಳ ಕಡೆಗಾಗಲಿ ಅವಳ ದೃಷ್ಟಿ ಹೋಗುತ್ತಿರಲಿಲ್ಲ. ಕೊನೆಯ ಬೆಂಚನ್ನು ಒಮ್ಮೆ ನೋಡಿ ಬಾಗಿಲು ಮುಚ್ಚಿಕೊಂಡು ಹೋಗುತ್ತಿದ್ದಳು.

ಕಲೀಪಾಳ ಪಕ್ಕದಲ್ಲಿ ಕೂರುತ್ತಿದ್ದವಳು ತುಮಾರ್ ಎಂಬ ಹುಡುಗಿ. ಹನ್ನೆರಡು ವರ್ಷ. ಅಪ್ಪ ಅಮ್ಮ ಇಬ್ಬರೂ ರಷ್ಯಾದಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದರು. ಹುಡುಗಿ ಅಜ್ಜಿಯ ಜೊತೆ ಇದ್ದಳು. ಮೈಗೆ ಅಪ್ಪನ ಹಳೆಯ ಕೋಟು, ಕಾಲಿಗೆ ಅಜ್ಜಿಯ ರಬ್ಬರ್ ಬೂಟು. ಮಾತು ನಿಧಾನ. ಯಾರಾದರೂ ದಿಟ್ಟಿಸಿ ನೋಡಿದರೆ ಮಾತು ಗಂಟಲಲ್ಲೇ ನಿಲ್ಲುತ್ತಿತ್ತು. ಕ್ಲಾಸಿನಲ್ಲಿ ಅವಳ ಪಕ್ಕ ಯಾರೂ ಕೂರುತ್ತಿರಲಿಲ್ಲ. ಜಾನಿಲ್ ಹೇಳಿದ ಖಾಲಿ ಜಾಗ ಅದೇ. ಬ್ರೆಡ್ಡಿನ ದಿನ ನಗದೇ ಇದ್ದವಳು ಅವಳೊಬ್ಬಳೇ. ಗಲಾಟೆಯ ನಡುವೆ ಅವಳು ತನ್ನ ನೋಟುಪುಸ್ತಕವನ್ನು ಕಲೀಪಾಳ ಕಡೆಗೆ ಮೆಲ್ಲಗೆ ಸರಿಸಿದ್ದಳು. ಅದರಲ್ಲಿ ಗುಂಡು ಅಕ್ಷರದಲ್ಲಿ ಸರಿಯಾದ ವಾಕ್ಯ ಬರೆದಿತ್ತು: ಕ್ಯಾನ್ ಐ ಹ್ಯಾವ್ ಸಮ್ ಬ್ರೆಡ್, ಪ್ಲೀಸ್.

ಅಂದಿನಿಂದ ಇಬ್ಬರೂ ಶಾಲೆ ಬಿಟ್ಟ ಮೇಲೆ ಲೈಬ್ರರಿಯಲ್ಲಿ ಕೂತು ಕಲಿಯತೊಡಗಿದರು. ಶುರು ಮಾಡಿದ್ದು ಹುಡುಗಿ. ಪುಸ್ತಕ ಹಿಂದಿರುಗಿಸಲು ಬಂದವಳು ಹೋಗದೆ ಕಲ್ಲಿದ್ದಲ ಒಲೆಯ ಪಕ್ಕ ನಿಂತಳು.

"ಏನೇ?"

"ಎಜೆ, ನಾನು ಅಂಗಡಿಯವಳಾಗ್ಲಾ? ನೀವು ಕೊಳ್ಳೋಕೆ ಬನ್ನಿ."

ಪುಸ್ತಕಗಳೇ ಸಾಮಾನು. ನಿಘಂಟು ಒಂದು ಕಿಲೋ ಆಲೂಗಡ್ಡೆಯಾಯಿತು. ಭೂಪಟದ ಪುಸ್ತಕ ಮೀನಾಯಿತು. ಹೌ ಮಚ್ ಈಸ್ ಇಟ್, ಟೂ ಎಕ್ಸ್‌ಪೆನ್ಸಿವ್, ಹಿಯರ್ ಯೂ ಆರ್. ತುಮಾರ್ ಅಂಗಡಿಯವಳಾದರೆ ಮಾತು ತಡೆಯುತ್ತಲೇ ಇರಲಿಲ್ಲ; ಸೊಂಟದ ಮೇಲೆ ಕೈ ಇಟ್ಟುಕೊಂಡು, ಹಳ್ಳಿಯ ಅಂಗಡಿಯ ದಪ್ಪ ಹೆಂಗಸಿನ ಹಾಗೆ ಮೂಗಿನಲ್ಲಿ ಮಾತಾಡುತ್ತಿದ್ದಳು. ಕಲೀಪಾ ಎಷ್ಟೋ ವರ್ಷಗಳಲ್ಲಿ ಮೊದಲ ಸಲ ಶಾಲೆಯೊಳಗೆ ನಕ್ಕಳು.

ಬಸ್ಸಿನ ಪಾಠ ಬಂತು, ಹುಟ್ಟುಹಬ್ಬದ ಪಾಠ ಬಂತು. ಹುಟ್ಟುಹಬ್ಬದ ಪಾಠದಲ್ಲಿ ಅಮ್ಮ ಮಗನಿಗೆ ಗಿಫ್ಟ್ ಕೊಡುತ್ತಾಳೆ. ಜರ್ಮನಿನಲ್ಲಿ ಗಿಫ್ಟ್ ಎಂದರೆ ವಿಷ. "ಇದೇನೇ ಇದು, ಹೆತ್ತ ತಾಯಿ!" ಎಂದು ಕಲೀಪಾ ಗಾಬರಿಯಾದಾಗ ತುಮಾರ್ ನಗುತ್ತಾ ಒಲೆಯ ಪಕ್ಕದಲ್ಲಿ ಕುಸಿದು ಕೂತಳು. ಆ ನಗು ಕಲೀಪಾಳನ್ನು ನೋಯಿಸಲಿಲ್ಲ.

ಮನೆಯಲ್ಲಿ ಎಲ್ಲ ಸಾಮಾನಿನ ಮೇಲೂ ಚೀಟಿಗಳು ಬಂದವು: ಬಾಗಿಲು, ಬಕೆಟ್ಟು, ಕಂಬಳಿ, ಉಪ್ಪಿನ ಡಬ್ಬಿ. ಅಸಾಂಬೆಕ್ ಒಂದು ಬೆಳಿಗ್ಗೆ ತನ್ನ ಹಣೆಯ ಮೇಲೆ ತಾನೇ ಒಂದು ಚೀಟಿ ಅಂಟಿಸಿಕೊಂಡು ಬಂದು, "ನನಗೂ ಒಂದು ಹೆಸರಿಡು, ನಿನ್ನ ಕಣ್ಣಿಗೆ ನಾನು ಮಾತ್ರ ಬೀಳ್ತಿಲ್ಲ," ಎಂದ. ಅವಳು ಅದರ ಮೇಲೆ ಹಸ್ಬೆಂಡ್ ಎಂದು ಬರೆದು, ಒಂದು ಗಳಿಗೆ ಯೋಚಿಸಿ, ಅದರ ಕೆಳಗೆ ಓಲ್ಡ್ ಎಂದೂ ಸೇರಿಸಿದಳು.

ಮಾರ್ಚಿನ ಹೊತ್ತಿಗೆ ಕ್ಲಾಸಿನಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ. ಐಜಿರೆಕ್ ತಪ್ಪು ಮಾಡಿದರೆ ಅವಳು ಹಿಂದಿನಿಂದ ಕೆಮ್ಮುತ್ತಿದ್ದಳು. ತುಮಾರ್‌ಳ ಅಂಕಗಳ ಪುಸ್ತಕದಲ್ಲಿ ಮೊದಲ ಸಲ ಐದಕ್ಕೆ ನಾಲ್ಕು ಬಂತು. ಹುಡುಗಿ ಅದನ್ನು ಅಜ್ಜಿಗೆ ತೋರಿಸಿ, ಫೋಟೋ ತೆಗೆಸಿ ರಷ್ಯಾಕ್ಕೆ ಕಳಿಸಿದಳು. ಆದರೂ ನಾನ್ ಎಜೆ ಎಂಬ ಹೆಸರು ಹೋಗಲಿಲ್ಲ. ಈಗ ಪುಟ್ಟ ಒಂದನೇ ತರಗತಿಯವರೂ, ಅದೇ ಅವಳ ನಿಜವಾದ ಹೆಸರೆಂದುಕೊಂಡು, "ನಮಸ್ಕಾರ ನಾನ್ ಎಜೆ," ಎಂದು ಮುಗ್ಧವಾಗಿ ಹೇಳುತ್ತಿದ್ದರು. ಹಾಗೆಂದಾಗಲೆಲ್ಲ ಅವಳು ಬಿರಬಿರನೆ ಹೋಗಿ ಲೈಬ್ರರಿಯ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಮೇ ತಿಂಗಳಲ್ಲಿ ಜಿಲ್ಲೆಯಿಂದ ಪರಿವೀಕ್ಷಕ ಬಂದ. ಬೂದು ಸೂಟಿನ, ಬೆವರುವ ದೊಡ್ಡ ಮನುಷ್ಯ. ಜಾನಿಲ್ ಅವನನ್ನು ಕ್ಲಾಸಿನ ಮುಂದೆ ಕೂರಿಸಿ ತಾನೂ ಪಕ್ಕದಲ್ಲಿ ಕೂತಳು. ಜೋಡಿಜೋಡಿಯಾಗಿ ಮುಂದೆ ಬಂದು ಸಂಭಾಷಣೆ ಆಡಿ ತೋರಿಸಬೇಕು. ಕಲೀಪಾ ಮತ್ತು ತುಮಾರ್‌ಗೆ ಬಂದದ್ದು ಡಾಕ್ಟರ ಪಾಠ. ಕಲೀಪಾ ಡಾಕ್ಟರು, ತುಮಾರ್ ರೋಗಿ. ಲೈಬ್ರರಿಯಲ್ಲಿ ಅದನ್ನು ಇಪ್ಪತ್ತು ಸಲ ಆಡಿದ್ದರು. ತುಮಾರ್ ಹೊಟ್ಟೆ ಹಿಡಿದುಕೊಂಡು ನರಳುವುದನ್ನು ಎಷ್ಟು ಚೆನ್ನಾಗಿ ಮಾಡುತ್ತಿದ್ದಳೆಂದರೆ, ಒಂದು ದಿನ ಹೊರಗಿದ್ದ ಆಯಾ ನಿಜವೆಂದುಕೊಂಡು ನೀರು ತಂದಿದ್ದಳು.

"ವಾಟ್ ಈಸ್ ದ ಮ್ಯಾಟರ್ ವಿತ್ ಯೂ?" ಎಂದು ಕಲೀಪಾ ಕೇಳಿದಳು. ದನಿ ಗಟ್ಟಿಯಾಗಿತ್ತು. ಪರಿವೀಕ್ಷಕ ತಲೆದೂಗಿ ಏನೋ ಬರೆದುಕೊಂಡ.

"ಐ ಹ್ಯಾವ್ ಎ..." ಎಂದಳು ತುಮಾರ್. ಅಷ್ಟಕ್ಕೇ ನಿಂತಳು. ಬೂದು ಸೂಟಿನವನು ಅವಳನ್ನೇ ನೋಡುತ್ತಿದ್ದ. ಸ್ಟಮಕೇಕ್ ಎಂಬ ಪದ ಗಂಟಲಿನಿಂದ ಮೇಲಕ್ಕೆ ಬರಲಿಲ್ಲ.

ಕಲೀಪಾ ಇನ್ನೊಮ್ಮೆ ಕೇಳಿದಳು. ಹುಡುಗಿ ಇನ್ನೊಮ್ಮೆ ಅಲ್ಲಿಗೇ ಬಂದು ನಿಂತಳು. ಕ್ಲಾಸಿನ ಮಧ್ಯದಿಂದ ಯಾರೋ ಪಿಸುಗುಟ್ಟಿದರು: "ನಾನ್ ಎಜೆ ತಿಂದು ಹೊಟ್ಟೆನೋವು ಬಂದಿದೆ." ಕಿಸಕಿಸ ನಗು ಹರಿಯಿತು. ಪರಿವೀಕ್ಷಕ ಜಾನಿಲ್ ಕಡೆಗೆ ತಿರುಗಿ, "ನಾನ್ ಎಜೆ ಅಂದ್ರೆ ಯಾರು?" ಎಂದು ಕೇಳಿದ. ಕೇಳಿದ್ದು ಎಲ್ಲರಿಗೂ ಕೇಳಿಸಿತು.

ಎಂಟು ತಿಂಗಳು ಗಿಡ್ಡ ಬೆಂಚಿನಲ್ಲಿ ಮುದುರಿಕೊಂಡಿದ್ದ ಕಲೀಪಾಳ ಮೈ ತಾನಾಗಿಯೇ ನೆಟ್ಟಗಾಯಿತು.

"ನೆಟ್ಟಗೆ ನಿಂತ್ಕೋ," ಎಂದಳು ಹುಡುಗಿಗೆ. ಕಿರ್ಗಿಜ್‌ನಲ್ಲೇ, ತನ್ನ ಹಳೆಯ ದನಿಯಲ್ಲಿ. "ಕೈ ಕೆಳಗೆ. ನನ್ನ ಕಣ್ಣು ನೋಡು. ಹೇಳು."

"ಐ ಹ್ಯಾವ್ ಎ..."

"ಮತ್ತೆ."

"ಐ ಹ್ಯಾವ್..."

"ನಾಲಿಗೆ ಮನೇಲಿ ಬಿಟ್ ಬಂದಿದೀಯಾ? ನಿನ್ನೆ ಹೇಳಿದ್ದು ಇವತ್ತು ಎಲ್ಲಿ ಹೋಯ್ತು? ಅಪ್ಪ ಅಮ್ಮ ನಿನ್ನ ಬಿಟ್ಟು ಯಾಕೆ ಹೋದ್ರು ಅಂತ ಈಗ ಗೊತ್ತಾಗ್ತಿದೆ. ಮತ್ತೆ ಹೇಳು!"

ನಗು ನಿಂತಿತು. ಕ್ಲಾಸು ತಣ್ಣಗಾಯಿತು. ಆ ನಿಶ್ಶಬ್ದ ಕಲೀಪಾಗೆ ಚಳಿಯಲ್ಲಿ ಬಿಸಿನೀರಿಗೆ ಕಾಲಿಟ್ಟಂತೆ ಹಿತವಾಗಿತ್ತು. ಆಮೇಲೆ ಅವಳು ಎಷ್ಟು ಸಲ ನೆನಪಿಸಿಕೊಂಡರೂ ಸುಳ್ಳು ಹೇಳಿಕೊಳ್ಳಲಾಗದ ಮಾತು ಇದು: ಅವಳಿಗೆ ಹಿತವಾಗಿತ್ತು. "ಮತ್ತೆ" ಎಂದಳು. ಹುಡುಗಿ ಬಾಯಿ ತೆರೆದಳು. "ಮತ್ತೆ." ಬಾಯಿ ತೆರೆದಳು. "ಮತ್ತೆ." ಹತ್ತು ಸಲವೋ ಹದಿನೈದು ಸಲವೋ. ಕೊನೆಗೆ ಸ್ಟಮಕೇಕ್ ಎಂಬ ಪದ ಚೂರುಚೂರಾಗಿ ಹೊರಗೆ ಬಿತ್ತು. ಅದರ ಜೊತೆಗೇ ಹುಡುಗಿಯ ಬೂದು ಕಾಲುಚೀಲದ ಮೇಲೆ ಕಪ್ಪಗೆ ಒದ್ದೆ ಇಳಿಯಿತು. ಅಜ್ಜಿಯ ಬೂಟಿನ ಸುತ್ತ ಹಲಗೆ ನೆಲ ನೆನೆಯಿತು.

ಯಾರೂ ನಗಲಿಲ್ಲ. ಕಲೀಪಾ ಇದ್ದಳಲ್ಲ.

ಪರಿವೀಕ್ಷಕ ಕರವಸ್ತ್ರದಿಂದ ಹಣೆ ಒರೆಸಿಕೊಂಡ. "ನೋಡಿ, ಇದು ಶಿಸ್ತು ಅಂದ್ರೆ," ಎಂದು ಜಾನಿಲ್‌ಗೆ ಹೇಳಿದ. "ಈಗಿನ ಹುಡುಗೀರಿಗೆ ಕ್ಲಾಸು ಹಿಡಿಯೋಕೆ ಬರಲ್ಲ. ಹಳಬರನ್ನ ಕಳ್ಕೋಬೇಡಿ." ಐಜಿರೆಕ್ ಗೋಡೆಗೆ ಒರಗಿ ಕೆಳಗೆ ನೋಡುತ್ತಿದ್ದಳು. ಆಮೇಲೆ ಅವಳೇ ಹೋಗಿ ತನ್ನ ಶಾಲನ್ನು ತುಮಾರ್‌ಳ ಸೊಂಟಕ್ಕೆ ಸುತ್ತಿ ಹೊರಗೆ ಕರೆದುಕೊಂಡು ಹೋದಳು.

ಪರಿವೀಕ್ಷಕನ ಜೀಪು ಹೋದ ಮೇಲೆ ಜಾನಿಲ್ ಕಲೀಪಾಳನ್ನು ಕರೆಸಿದಳು. ಬಾಗಿಲು ಹಾಕಿ ಕಿಟಕಿಯ ಬಳಿ ಹೋಗಿ ನಿಂತಳು.

"ಪಾಸಾದ್ರಿ ಎಜೆ. ಬರೆದು ಕೊಟ್ಟು ಹೋಗಿದಾರೆ."

"ಒಳ್ಳೇದು."

"ಶ್ಮೆಟರ್ಲಿಂಗ್," ಎಂದಳು ಜಾನಿಲ್.

ಯಾಕೆ ಈಗ ಆ ಜರ್ಮನ್ ಪದ ಎಂದು ಕಲೀಪಾಗೆ ಅರ್ಥವಾಗಲಿಲ್ಲ. "ಏನು? ಚಿಟ್ಟೆ?"

"ಹೂಂ, ಚಿಟ್ಟೆ. ಅದೇ ಕೋಣೆ. ನಾನೂ ಆರನೇ ಕ್ಲಾಸು. ಒಲೆ ಪಕ್ಕ ನಿಲ್ಲಿಸಿದ್ರಿ. ಶ್ಮೆಟರ್ಲಿಂಗ್ ಅನ್ನು ಅಂದ್ರಿ. ನನಗೆ ಬರ್ಲಿಲ್ಲ. ಮತ್ತೆ ಅಂದ್ರಿ, ಮತ್ತೆ ಅಂದ್ರಿ. ಕುರಿ ಕಾಯೋರ ಮಗಳು, ಬ್ಯಾ ಅಂತಾನಾದ್ರೂ ಅನ್ನು ಅಂದ್ರಿ. ನನಗೂ ಕಾಲು ಒದ್ದೆ ಆಯ್ತು ಎಜೆ. ಎಂಟನೇ ಕ್ಲಾಸಿನ ತನಕ ನನ್ನ ಎಲ್ರೂ ಚಿಟ್ಟೆ ಅಂತಲೇ ಕರೀತಿದ್ರು."

ಕಲೀಪಾ ಅವಳ ಮುಖವನ್ನು ನೋಡಿದಳು. ನಲವತ್ತಮೂರು ವರ್ಷದ, ತುಟಿಗೆ ಬಣ್ಣ ಹಚ್ಚಿದ ಆ ಮುಖದ ಹಿಂದೆ ಒಂದು ಹುಡುಗಿಯನ್ನು ಹುಡುಕಿದಳು. ಒಲೆ ನೆನಪಾಯಿತು. ಕೋಣೆ ನೆನಪಾಯಿತು. ಒಲೆಯ ಪಕ್ಕ ನಿಂತವರು ಎಷ್ಟೋ ಜನ; ಅವರಲ್ಲಿ ಇವಳು ಕಾಣಲಿಲ್ಲ.

"ನನಗೆ ನೆನಪಿಲ್ಲ ಜಾನಿಲ್," ಎಂದಳು. ಅದು ನಿಜವಾಗಿತ್ತು.

ಜಾನಿಲ್ ಕಿಟಕಿ ಬಿಟ್ಟು ಮೇಜಿನ ಹತ್ತಿರ ಬಂದಳು. "ನೆನಪಿಲ್ವಾ?"

"ಇಲ್ಲ."

"ನಾನು ಎಂಟು ತಿಂಗಳು ನಿಮ್ಮನ್ನ ಆ ಬೆಂಚಲ್ಲಿ ಕೂರಿಸಿದ್ದು ಯಾಕೆ ಅಂದ್ಕೊಂಡಿದ್ರಿ? ನಿಮಗೆ ಪಾಠ ಹೇಳೋಕೆ ಮನೆಗೇ ಬರ್ತೀನಿ ಅಂದಿದ್ದಳು ಐಜಿರೆಕ್. ನಾನೇ ಬೇಡ ಅಂದೆ. ಅಲ್ಲಿ ಕೂತ್ರೆ ಹೇಗಿರುತ್ತೆ ಅಂತ ನಿಮಗೂ ಗೊತ್ತಾಗ್ಲಿ ಅಂತ. ಒಂದು ವಾರ ಸಾಕು ಅಂದ್ಕೊಂಡೆ. ನೀವು ಬರೀ ಇಂಗ್ಲಿಷ್ ಕಲಿತ್ರಿ."

ಕಲೀಪಾ ಎದ್ದಳು. ಬಾಗಿಲ ಹತ್ತಿರ ಹೋಗಿ ನಿಂತಳು.

"ನೀನೂ ಮುಂದೇನೇ ಕೂತಿದ್ಯಲ್ಲ ಇವತ್ತು. ಗೊತ್ತಿದ್ದವಳು. ಯಾಕೆ ನಿಲ್ಲಿಸ್ಲಿಲ್ಲ?"

ಜಾನಿಲ್ ಮೇಜಿನ ಮೇಲಿನ ಕಾಗದಗಳನ್ನು ಸರಿಮಾಡಿದಳು. ಸರಿಯಾಗಿದ್ದ ಕಾಗದಗಳನ್ನೇ ಮತ್ತೆ ಸರಿಮಾಡಿದಳು. "ಜಿಲ್ಲೆಯವರು ಇದ್ರು," ಎಂದಳು ಕೊನೆಗೆ.

ಮೂರು ದಿನ ತುಮಾರ್ ಶಾಲೆಗೆ ಬರಲಿಲ್ಲ. ನಾಲ್ಕನೇ ದಿನ ಕಲೀಪಾ ಬೆಣ್ಣೆಯಲ್ಲಿ ಕರಿದ ಬೊರ್ಸೋಕ್ ಎಂಬ ಹಿಟ್ಟಿನ ತುಂಡುಗಳನ್ನು ಒಂದು ಬಟ್ಟೆಯಲ್ಲಿ ಕಟ್ಟಿಕೊಂಡು ಅವಳ ಮನೆಗೆ ಹೋದಳು. ಅಜ್ಜಿಗೆ ಏನೂ ಗೊತ್ತಿರಲಿಲ್ಲ. ಹುಡುಗಿ ಹೊಟ್ಟೆನೋವು ಎಂದಷ್ಟೇ ಹೇಳಿದ್ದಳು. ಮುದುಕಿ ಕಲೀಪಾಳ ಎರಡೂ ಕೈ ಹಿಡಿದುಕೊಂಡು, "ನಿಮ್ಮಿಂದ ನನ್ನ ಮೊಮ್ಮಗಳು ಮಾತಾಡೋದು ಕಲಿತಳು, ದೇವರು ನಿಮಗೆ ನೂರು ವರ್ಷ ಕೊಡ್ಲಿ," ಎಂದು ಗೌರವದ ಅತಿಥಿಗಳ ಮೇಲಿನ ಜಾಗದಲ್ಲಿ ಕೂರಿಸಿದಳು. ತುಮಾರ್ ಚಹಾ ತಂದಳು. ಹಾಲು ಬೆರೆಸಿ, ಬಟ್ಟಲು ಅರ್ಧ ತುಂಬಿಸಿ, ಎಡಗೈಯನ್ನು ಬಲಗೈಗೆ ತಾಕಿಸಿ, ಹಿರಿಯರಿಗೆ ಕೊಡುವ ಹಾಗೆ ಕೊಟ್ಟಳು. ಮುಖ ಎತ್ತಲಿಲ್ಲ.

ಅಜ್ಜಿ ಹಸುವಿಗೆ ಹುಲ್ಲು ಹಾಕಲು ಹೊರಗೆ ಹೋದಳು. ಅವರ ಭಾಷೆಯಲ್ಲಿ ದೊಡ್ಡವರು ಚಿಕ್ಕವರ ಕ್ಷಮೆ ಕೇಳುವ ಮಾತು ಕಲೀಪಾಳ ಬಾಯಿಗೆ ಅಭ್ಯಾಸವಿರಲಿಲ್ಲ. ಇಬ್ಬರೂ ಒಟ್ಟಿಗೆ ಕಲಿತ ಭಾಷೆಯಲ್ಲಿ ಹೇಳಿದರೆ ಸುಲಭವಾಗಬಹುದು ಅನ್ನಿಸಿತು.

"ಐ ಆ್ಯಮ್ ಸಾರಿ, ತುಮಾರ್."

ಹುಡುಗಿ ಎದ್ದು ನಿಂತಳು. ಕೈ ಎರಡೂ ಕೆಳಗೆ, ಮೈ ನೆಟ್ಟಗೆ. ಕಲೀಪಾಳ ಕಣ್ಣನ್ನೇ ನೋಡುತ್ತಾ, ತಡೆಯದೆ, ಒಂದಕ್ಷರವೂ ತಪ್ಪದೆ, ಪುಸ್ತಕದಲ್ಲಿದ್ದ ಉತ್ತರವನ್ನು ಒಪ್ಪಿಸಿದಳು: "ಇಟ್ ಡಸ್ ನಾಟ್ ಮ್ಯಾಟರ್." ಆಮೇಲೆ, "ಕೂತ್ಕೊಳ್ಳಲಾ ಎಜೆ?" ಎಂದು ಕೇಳಿದಳು.

ಕಲೀಪಾ ಬಟ್ಟಲನ್ನು ಕೆಳಗಿಟ್ಟಳು. ಚಹಾ ಮುಗಿದಿರಲಿಲ್ಲ. ಅಂಗಳದಲ್ಲಿ ಅಜ್ಜಿ ಇನ್ನೊಂದು ಬಟ್ಟಲು ಕುಡಿದು ಹೋಗಿ ಎಂದು ಬಲವಂತ ಮಾಡಿದಳು. ಕಲೀಪಾ ತಲೆನೋವು ಎಂದಳು.

ಸೆಪ್ಟೆಂಬರಿನಲ್ಲಿ ವೇಳಾಪಟ್ಟಿ ಬಂದಾಗ ಅವಳಿಗೆ ಏಳನೇ ಬಿ ಹಾಕಲಾಗಿತ್ತು. ಚಿಕ್ಕ ಮಕ್ಕಳ ಕ್ಲಾಸು ಕೊಡು ಎಂದು ಕೇಳಲು ಹೋದರೆ ಜಾನಿಲ್, "ನಿಮ್ಮನ್ನ ಕಂಡ್ರೆ ಹೆದರೋ ಕ್ಲಾಸೇ ನಿಮಗೆ ಚೆನ್ನ, ಎಜೆ," ಎಂದು ಪಟ್ಟಿ ತೋರಿಸಿದಳು. ಕಲೀಪಾ ಕಪ್ಪುಹಲಗೆಯ ಮುಂದೆ ನಿಂತಳು; ಇಪ್ಪತ್ತಾರು ಮಕ್ಕಳು ಒಂದೇ ಸದ್ದಿನಲ್ಲಿ ಎದ್ದು ಗುಡ್ ಮಾರ್ನಿಂಗ್ ಟೀಚರ್ ಎಂದರು. ನಾನ್ ಎಜೆ ಎಂಬ ಹೆಸರನ್ನು ಆ ಮೇ ತಿಂಗಳ ನಂತರ ಯಾರೂ ಎತ್ತಿರಲಿಲ್ಲ. ಹಜಾರದಲ್ಲಿ ಈಗ ಬೇರೆ ಹೆಸರು ಓಡಾಡುತ್ತಿತ್ತು. ತುಮಾರ್ ಹೋಗುತ್ತಿದ್ದರೆ ಹಿಂದಿನಿಂದ, "ಡಾಕ್ಟ್ರೇ, ಬಕೆಟ್ ತನ್ನಿ," ಎನ್ನುತ್ತಿದ್ದರು. ಕಲೀಪಾ ಕೇಳಿಸಿಕೊಂಡಾಗ ಆ ಹುಡುಗರನ್ನು ಹಿಡಿದು ನಿಲ್ಲಿಸಿ ಬೈಯುತ್ತಿದ್ದಳು. ಬೈದಷ್ಟೂ ಅವರು ಅವಳಿಲ್ಲದ ಕಡೆ ಹೆಚ್ಚು ಅನ್ನುತ್ತಿದ್ದರು.

ತನ್ನ ಸರದಿ ಬಂದಾಗ ತುಮಾರ್ ಎದ್ದು ನಿಂತು ಕಪ್ಪುಹಲಗೆ ನೋಡುತ್ತಿದ್ದಳು. ಬಾಯಿ ತೆರೆಯುತ್ತಿರಲಿಲ್ಲ. ಕಲೀಪಾ "ಮತ್ತೆ" ಎನ್ನದೆ, ಏನೂ ಕೇಳದೆ, ಐದಕ್ಕೆ ಮೂರು ಅಂಕ ಹಾಕಿ, "ಕೂತ್ಕೋ," ಎನ್ನುತ್ತಿದ್ದಳು. ಡಿಸೆಂಬರಿನಲ್ಲಿ ಹುಡುಗಿಯ ಅಪ್ಪ ಬಂದು ಅವಳನ್ನೂ ಅಜ್ಜಿಯನ್ನೂ ರಷ್ಯಾಕ್ಕೆ ಕರೆದುಕೊಂಡು ಹೋದ. ಐಜಿರೆಕ್‌ಗೆ ಹೇಳಿ ಹೋದರಂತೆ. ಕಲೀಪಾಗೆ ತಿಳಿದದ್ದು ಹಾಜರಿ ಕೂಗುವಾಗ.

ಬೇಸಿಗೆಗೆ ಕಲೀಪಾಳ ನಿವೃತ್ತಿಯ ವಯಸ್ಸು ತುಂಬಿತು. ಜಿಲ್ಲೆಯವರು, ಇಂಥ ಶಿಸ್ತಿನ ಶಿಕ್ಷಕಿಯನ್ನು ಇನ್ನೂ ಮೂರು ವರ್ಷ ಉಳಿಸಿಕೊಳ್ಳಬಹುದು ಎಂದು ಬರೆದಿದ್ದರು. ಮುಖ್ಯೋಪಾಧ್ಯಾಯಿನಿಯ ಸಹಿ ಬೇಕಿತ್ತು. ಇಂಗ್ಲಿಷಿಗೆ ಬೇರೆ ಯಾರೂ ಸಿಕ್ಕಿರಲಿಲ್ಲ. ಐಜಿರೆಕ್ ಮದುವೆಯಾಗಿ ಬಿಷ್ಕೆಕ್‌ಗೆ ಹೋಗಿದ್ದಳು. ಜಾನಿಲ್ ಪತ್ರವನ್ನು ಎರಡು ದಿನ ಡ್ರಾಯರಿನಲ್ಲಿ ಇಟ್ಟುಕೊಂಡು, ಮೂರನೇ ದಿನ ಸಹಿ ಹಾಕಿ, ಕಲೀಪಾಳ ಮುಂದೆ ಮೇಜಿನ ಮೇಲೆ ಜಾರಿಸಿದಳು.

"ಬೇಡ ಅನ್ನಿಸಿದ್ರೆ ಈಗಲೇ ಹೇಳಿ ಎಜೆ."

ಕಲೀಪಾ ಕನ್ನಡಕ ಹಾಕಿಕೊಂಡು ಪತ್ರವನ್ನು ಮೇಲಿನಿಂದ ಕೆಳಗಿನವರೆಗೆ ಓದಿದಳು. ಪೆನ್ನು ಕೇಳಿ ಇಸಿದುಕೊಂಡು, ಜಾನಿಲ್‌ಳ ಹೆಸರಿನ ಕೆಳಗೆ ತನ್ನದನ್ನೂ ಬರೆದಳು.